ನಲವತ್ತನಾಲ್ಕನೇ ಸಾಲು

ಬೆನ್ನು ಒರಗಿಸಿದೊಡನೆ ಏನೋ ಕದಲಿತು, ಕೂದಲೆಳೆಯಷ್ಟು, ಎಡಕ್ಕೆ ಸರಿದು ಮತ್ತೆ ತನ್ನ ಜಾಗಕ್ಕೆ ಬಂದ ಹಾಗೆ, ಅಲ್ಲಾಡುವ ಹಲ್ಲಿಗೆ ನಾಲಿಗೆ ತಗುಲಿದ ಹಾಗೆ — ಇಲ್ಲ, ತಲೆ ತಿರುಗಿರಬೇಕು, ನಿನ್ನೆ ಬೆಳಗ್ಗೆಯಿಂದ ಇದು ಇನ್ನೂರ ಎಪ್ಪತ್ತಮೂರನೆಯ ಸೀಟು, ಅಷ್ಟು ಸಲ ಕೂತು ಎದ್ದವಳ ಸೊಂಟ ಏನು ಬೇಕಾದರೂ ಹೇಳೀತು, ಹೇಳಿದ್ದನ್ನೆಲ್ಲ ನಂಬಲಾದೀತೇ, ಎಂದುಕೊಂಡು ಅವಳು ಮತ್ತೊಮ್ಮೆ ಒರಗಿದಳು, ಏನೂ ಇಲ್ಲ, ಬೆಲ್ಟು ಬಿಗಿ, ಬೆನ್ನು ಹಿಂದಕ್ಕೆ, ಬೆನ್ನು ಮುಂದಕ್ಕೆ, ಊಟದ ಹಲಗೆ, ದೀಪ, ಟೀವಿ ಪರದೆ, ಕೊನೆಗೆ ಸೀಟಿನ ಕೆಳಗೆ ಕೈ ಹಾಕಿ ಲೈಫ್ ಜಾಕೆಟ್ಟಿನ ಚೀಲ, ಇದೆ, ಪಟ್ಟಿಯಲ್ಲಿ ಗುರುತು ಹಾಕಬೇಕು, ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಮತ್ತೆ ಅದೇ, ಎಡಕ್ಕೆ, ವಾಪಸ್ಸು. ವಿಮಾನ ರಿಪೇರಿಯ ಹ್ಯಾಂಗರಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಮಹಾರಾಣಿ ಎಂದು, ದಾರಿ ಬಿಡ್ರಪ್ಪ, ಮಹಾರಾಣಿಯವರು ಸಿಂಹಾಸನ ಏರೋ ಹೊತ್ತಾಯ್ತು, ದಿನಕ್ಕೆ ನೂರೈವತ್ತು ಸಿಂಹಾಸನ, ಯಾವ ಮಹಾರಾಣಿಗಿತ್ತು ಈ ಭಾಗ್ಯ — ಹನ್ನೊಂದು ವರ್ಷದಿಂದ ಅದೇ ಹಾಸ್ಯ, ಅವಳೂ ಹನ್ನೊಂದು ವರ್ಷದಿಂದ ಅಷ್ಟೇ ನಗುತ್ತಾಳೆ, ಕಂಪನಿಯ ದೂರಪ್ರಯಾಣದ ಹನ್ನೊಂದೂ ವಿಮಾನಗಳ ಪ್ರತಿ ಸೀಟಿನಲ್ಲಿ ಕೂತವಳು, ಒಮ್ಮೆಯೂ ಹಾರದವಳು.

ಎಡಕ್ಕೆ. ನಲವತ್ತನಾಲ್ಕನೇ ಸಾಲು, ನಡುವಿನ ಮೂರು ಸೀಟು. ಎದ್ದು ಮುಂದಿನ ಸಾಲಿನಲ್ಲಿ ಕೂತಳು, ಕಲ್ಲಿನ ಹಾಗೆ ನಿಂತಿದೆ, ಹಿಂದಿನ ಸಾಲಿಗೆ ಹೋದಳು, ಅದೂ ಕಲ್ಲು, ಮತ್ತೆ ನಲವತ್ತನಾಲ್ಕು, ಐದು ಸಲ ಒರಗಿದರೆ ಮೂರು ಸಲ ಕದಲಿತು, ಹಾಗಾದರೆ ಸೊಂಟದ ಸುಳ್ಳಲ್ಲ, ಮತ್ತು ಈ ಸಾಲನ್ನು ಕೂರಿಸಿದವನು ಯಾರೆಂದು ಪಟ್ಟಿ ನೋಡಬೇಕಿಲ್ಲ, ಮೂವತ್ತೆಂಟರಿಂದ ನಲವತ್ತೇಳರವರೆಗೆ ತಂಗಿಯ ಗಂಡ, ಇದೇ ಜಾಗದಲ್ಲಿ ಮಂಡಿಯೂರಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಕೆಲಸ ಮಾಡುತ್ತಿದ್ದುದನ್ನು ಅವಳೇ ಕಂಡಿದ್ದಾಳೆ. ನೆಲದಲ್ಲಿ ಉದ್ದಕ್ಕೆ ಲೋಹದ ಹಳಿ, ಹಳಿಯಲ್ಲಿ ಇಂಚಿಗೊಂದು ದುಂಡು ಕಿಂಡಿ, ಸೀಟಿನ ಕಾಲಿನಡಿಯ ದುಂಡು ಗುಬಟು ಆ ಕಿಂಡಿಯಿಂದ ಇಳಿದು ಅರ್ಧ ಇಂಚು ಮುಂದೆ ಸರಿದು ಹಳಿಯ ತುಟಿಯಂಥ ಅಂಚಿನ ಕೆಳಗೆ ಕೂರಬೇಕು, ಆಗ ಬೀಗದ ಮೊಳೆ ಇಳಿಯುತ್ತದೆ, ಸರಿಯದೆ ಕಿಂಡಿಯಲ್ಲೇ ನಿಂತರೂ ಮೇಲಿನಿಂದ ನೋಡುವವರಿಗೆ ಸೀಟು ಸೀಟಿನ ಹಾಗೇ ಕಾಣುತ್ತದೆ, ಹಳಿಯ ಮೇಲೆ ಮುಚ್ಚುಪಟ್ಟಿ ಕೂರಿಸಿದರೆ ಮುಗಿಯಿತು, ದೇವರಿಗೂ ತಿಳಿಯದು, ಕೂತವಳಿಗೆ ಮಾತ್ರ ತಿಳಿದೀತು. ಕೂತವರ ತೂಕದ ಹದಿನಾರು ಪಟ್ಟು ಎಳೆದರೂ ಕಿತ್ತು ಬರಕೂಡದು ಎಂಬುದು ಲೆಕ್ಕ. ಅರ್ಧ ಇಂಚು ತಪ್ಪಿದರೆ ಲೆಕ್ಕವೇ ಇಲ್ಲ.

ನಲವತ್ತು ದಿನದ ಹಿಂದೆ ಇಲ್ಲಿ ಒಂದು ಸೀಟೂ ಇರಲಿಲ್ಲ. ಗೋಡೆಯ ಹಲಗೆ, ಸೂರಿನ ಹಲಗೆ, ನೆಲಗಂಬಳಿ ಎಲ್ಲ ಕಿತ್ತು ಹಾಕಿದ ಮೇಲೆ ಅವಳು ಈ ಬಾಗಿಲಲ್ಲಿ ನಿಂತಿದ್ದಳು, ಇಂಥ ಮೂರು ವಿಮಾನ ಕಂಡವಳೂ ಬಾಗಿಲಿನ ಅಂಚು ಹಿಡಿದುಕೊಂಡಿದ್ದಳು, ಈ ತುದಿಯಿಂದ ಆ ತುದಿಗೆ ಬರೀ ಪಕ್ಕೆಲುಬು, ಒಂದರ ಹಿಂದೊಂದು, ದೊಡ್ಡ ಪ್ರಾಣಿಯೊಂದು ನುಂಗಿ ಒಳಗೆ ಬಿಟ್ಟ ಹಾಗೆ, ಪಕ್ಕೆಲುಬಿನ ಆಚೆ ಎರಡು ಮಿಲಿಮೀಟರ್ ತಗಡು, ಹಾರುವಾಗ ತಗಡಿನ ಆಚೆ ಮೈನಸ್ ಐವತ್ತು ಡಿಗ್ರಿ. ದೊಡ್ಡ ಇಂಜಿನಿಯರು ದಾಖಲೆ ಪುಸ್ತಕ ಬಿಡಿಸಿ ಹೇಳಿದ್ದರು, ಎಂಬತ್ತು ಸಾವಿರ ಗಂಟೆ ಹಾರಿದೆಯಮ್ಮ ಇದು, ಅವಳು ಮನೆಗೆ ಹೋಗಿ ಭಾಗಿಸಿ ನೋಡಿದಳು, ಒಂಬತ್ತು ವರ್ಷ, ಇಪ್ಪತ್ತು ವರ್ಷ ವಯಸ್ಸಿನ ವಸ್ತುವೊಂದು ಒಂಬತ್ತು ವರ್ಷ ನೆಲ ಮುಟ್ಟಿಲ್ಲ, ಮತ್ತೆ ಭಾಗಿಸಿದಳು, ಒಂಬತ್ತೇ. ಹಳೆಯ ಸೀಟುಗಳ ಕೆಳಗೆ ಹಳಿಯ ಸಂದಿನಲ್ಲಿ ಸಿಕ್ಕಿದ್ದು ಎರಡು ಬಕೆಟ್ ತುಂಬ ಸಾಮಾನು, ಬಳಪ, ಕಿವಿಯೋಲೆಯ ತಿರುಪು, ಕನ್ನಡಕದ ಕಾಲು, ಯಾರದೋ ಮಗುವಿನ ಹಾಲುಹಲ್ಲು ಕಾಗದದಲ್ಲಿ ಸುತ್ತಿ, ಅಷ್ಟು ಜೋಪಾನ ಮಾಡಿ ಕಳೆದುಕೊಂಡಿದ್ದಾರೆ. ಈಗ ಮುಂಭಾಗದಲ್ಲಿ ಬಾಗಿಲಿರುವ ಪುಟ್ಟ ಕೋಣೆಗಳು, ಇಪ್ಪತ್ತೆಂಟು, ಸೀಟು ಮಲಗಿದರೆ ಹಾಸಿಗೆ, ಗುಂಡಿ ಒತ್ತಿದರೆ ಕಿಟಕಿಯ ಗಾಜು ತಾನೇ ಮಬ್ಬಾಗುತ್ತದೆ, ನಿನ್ನೆ ಅಲ್ಲಿ ಮಲಗಿ ಪರೀಕ್ಷೆಯ ಎರಡು ನಿಮಿಷ ಎಣಿಸುವಾಗ ಮಂಪರು ಹತ್ತಿ ಎಂಬತ್ತಕ್ಕೇ ಲೆಕ್ಕ ತಪ್ಪಿತು. ಆದರೂ ಇರುವುದು ಅದೇ ಎರಡು ಮಿಲಿಮೀಟರ್. ಅದೇ ಹಳಿ.

ಎಡಕ್ಕೆ. ಬರೆಯಬೇಕು. ಸಂಜೆ ಆರಕ್ಕೆ ಮೊದಲ ಹಾರಾಟ, ಹದಿನಾರು ಗಂಟೆ, ಅದರಲ್ಲಿ ಒಂಬತ್ತು ಸಮುದ್ರದ ಮೇಲೆ, ಮಧ್ಯಾಹ್ನ ಮೂರರೊಳಗೆ ಅವಳ ಸಹಿ ಬೇಕು, ಹೀಗೆ ಕಿತ್ತು ಹೊಸದು ಮಾಡಲು ಐದನೆಯ ವಿಮಾನ ಬರುತ್ತದೆಂದು ಹ್ಯಾಂಗರ್ ಖಾಲಿ ಮಾಡಿಸಿ, ಇನ್ನೂ ನಾಲ್ಕು ಸಾಲು ಬಾಕಿ ಇರುವಾಗಲೇ ಇದನ್ನು ಹೊರಗೆ ಬಯಲಿಗೆ ಎಳೆದು ನಿಲ್ಲಿಸಿದ್ದಾರೆ, ಎಂದೂ ಹೀಗಾಗಿರಲಿಲ್ಲ, ಕಿಟಕಿಯಲ್ಲಿ ಬಿಸಿಲು, ಪರದೆಗಳ ಮೇಲೆ ಬೆಳಕು ಬಿದ್ದು ಚಿತ್ರವೇ ಕಾಣುತ್ತಿಲ್ಲ. ದೋಷದ ಕೆಂಪು ಚೀಟಿ ಬರೆದರೆ ಅದು ಅವನ ಹೆಸರಿಗೆ ಮೂರನೆಯದು, ವರ್ಷದಲ್ಲಿ ಮೂರಾದರೆ ಆರು ತಿಂಗಳು ವಿಮಾನ ಮುಟ್ಟುವ ಹಾಗಿಲ್ಲ, ಸ್ಟೋರಿನಲ್ಲಿ ಕೂತು ಸ್ಕ್ರೂ ಎಣಿಸಬೇಕು, ಮತ್ತೆ ಪರೀಕ್ಷೆ. ತಂಗಿ ಕಳೆದ ಭಾನುವಾರ ಬಟ್ಟೆ ಮಡಚುತ್ತ ತಲೆಯೆತ್ತದೆ ಹೇಳಿದ್ದಳು, ಅಕ್ಕ, ಅವರಿಗೆ ವಿಮಾನ ಬಿಟ್ರೆ ಬೇರೇನೂ ಗೊತ್ತಿಲ್ಲ, ನೀನು ಇದ್ದೀಯಲ್ಲ ಅಲ್ಲಿ, ಸ್ವಲ್ಪ ನೋಡ್ಕೊ. ನೋಡಿಕೊಳ್ಳುವುದೆಂದರೆ ಏನು, ಕೆಳಗಿಳಿದು ಅವನ ಕಿವಿಯಲ್ಲಿ ಹೇಳಿದರೆ ಐದು ನಿಮಿಷದಲ್ಲಿ ಸರಿಮಾಡಿಯಾನು, ಯಾರಿಗೂ ತಿಳಿಯದು, ಚೀಟಿಯಿಲ್ಲದೆ ಮುಚ್ಚುಪಟ್ಟಿ ಎಬ್ಬಿಸಿದರೆ ಮತ್ತೆ ಸರಿಯಾಗಿ ಮುಚ್ಚಿದ್ದಾನೋ ಎಂದು ನೋಡುವವರೂ ಇಲ್ಲ, ಈ ಸೀಟಿನಲ್ಲಿ ಆರು ಗಂಟೆಗೆ ಕೂರುವವರು ಯಾರೋ, ಬೆಲ್ಟು ಹಾಕಿ ಕಣ್ಣು ಮುಚ್ಚುತ್ತಾರೆ, ಮುಚ್ಚಿಬಿಡುತ್ತಾರೆ, ಅಷ್ಟು ಸಲೀಸಾಗಿ, ಯಾರನ್ನು ನಂಬಿ — ಪೆನ್ನು ಆಗಲೇ ಬರೆಯುತ್ತಿದೆ, ಸಾಲು ನಲವತ್ತನಾಲ್ಕು, ನಡು, ಎಡಕ್ಕೆ ಕದಲಿಕೆ, ಅವಳ ಅಕ್ಷರ ದುಂಡಗೆ, ಎಂದಿನ ಹಾಗೆ.

ತಂಗಿಯ ಗಂಡ ಬಂದ, ಹಿಂದೆ ಕಾಗದದ ಲೋಟದಲ್ಲಿ ಚಹಾ ಹಿಡಿದ ದೊಡ್ಡ ಇಂಜಿನಿಯರು. ಅವನು ಚೀಟಿ ಓದಿ, ಮಡಚಿ, ಮಂಡಿಯೂರಿ ಮುಚ್ಚುಪಟ್ಟಿ ಎಬ್ಬಿಸಿದ, ಟಾರ್ಚು ಬಾಯಲ್ಲಿ, ಕುತ್ತಿಗೆ ಕೆಂಪು. ನಾಲ್ಕು ಕಾಲೂ ತುಟಿಯ ಕೆಳಗಿದ್ದವು. ನಾಲ್ಕು ಮೊಳೆಯೂ ಇಳಿದಿದ್ದವು. ಇಂಜಿನಿಯರು ಅಳತೆಗಡ್ಡಿ ತೂರಿಸಿ ನೋಡಿದರು, ಸೀಟು ಹಿಡಿದು ಜಗ್ಗಿದರು, ಸರಿಯಾಗಿದೆಯಮ್ಮ, ಇದಕ್ಕಿಂತ ಸರಿ ಇರೋಕೆ ಸಾಧ್ಯವಿಲ್ಲ. ಆದರೆ ಅಲ್ಲಾಡ್ತಿತ್ತು ಸಾರ್, ಐದಕ್ಕೆ ಮೂರು ಸಲ. ತಂಗಿಯ ಗಂಡ ಟಾರ್ಚು ಬಾಯಿಂದ ತೆಗೆದು, ಬರೆಯೋ ಮುಂಚೆ ಒಂದು ಮಾತು ಕೇಳಬಹುದಿತ್ತು ಅಕ್ಕ ಅಂದ. ಕೇಳಿದ್ರೆ ನೀನು ಸರಿ ಇದೆ ಅಂತಿದ್ದೆ, ನಾನು ನಂಬಿಬಿಡ್ತಿದ್ದೆ ಅಂದಳು ಅವಳು. ಅವನು ಪಟ್ಟಿಯನ್ನು ಅಂಗೈಯಿಂದ ತಟ್ಟಿ ಕೂರಿಸಿದ, ಅದೂ ನಿಜ ಅಂದ, ನಂಬೋಳೇ ನೀನು. ದೋಷವಿಲ್ಲ ಎಂದು ಮುಚ್ಚಿದ ಚೀಟಿ ಅವನ ಲೆಕ್ಕಕ್ಕೆ ಬರುವುದಿಲ್ಲ, ಇಂಜಿನಿಯರು ಹಾಗೆಂದೇ ಬರೆದುಬಿಟ್ಟರು, ಬರೆಯಲೆಂದು ಲೋಟವನ್ನು ಊಟದ ಹಲಗೆಯ ಮೇಲೆ ಇಟ್ಟಿದ್ದರು, ಬರೆದು ಮುಗಿಸಿ ಅದನ್ನೇ ನೋಡುತ್ತ ನಿಂತರು, ಇಲ್ಲಿ ಬನ್ನಿ ಮಹಾರಾಣಿ, ಯಾರೂ ಮುಟ್ಟಬೇಡಿ, ಇದನ್ನ ನೋಡಿ.

ಯಾರೂ ಮುಟ್ಟಲಿಲ್ಲ. ಚಹಾ ಎಡದ ಅಂಚಿಗೆ ಕೂದಲೆಳೆಯಷ್ಟು ಏರಿತು, ನಿಂತಿತು, ಇಳಿಯಿತು. ಗಾಳಿ ಅಂದರು ಇಂಜಿನಿಯರು, ಆರಂತಸ್ತು ಎತ್ತರದ ಬಾಲ ಇದೆಯಲ್ಲ ಹಿಂದೆ, ಅದಕ್ಕೆ ಬೀಸಿದಾಗ ಇಡೀ ವಿಮಾನ ಕದಲುತ್ತೆ, ನೀವು ಆಚೀಚೆ ಸಾಲಲ್ಲಿ ಕೂತಾಗ ಬೀಸಿರಲಿಲ್ಲ ಅಷ್ಟೆ, ಹ್ಯಾಂಗರಿನ ಒಳಗೆ ಜ್ಯಾಕಿನ ಮೇಲೆ ನಿಂತಾಗ ಗೊತ್ತಾಗಲ್ಲ, ನೀವು ಹೊರಗೆ ಕೂತಿದ್ದು ಇದೇ ಮೊದಲಲ್ವಾ. ಅಕ್ಕ, ಸೀಟಲ್ಲ, ವಿಮಾನಕ್ಕೇ ಕೆಂಪು ಚೀಟಿ ಬರೆದಿದ್ದೀಯ ಅಂದ ತಂಗಿಯ ಗಂಡ, ಇಬ್ಬರೂ ನಗುತ್ತ ಮುಂದೆ ಹೋದರು, ಅವಳು ಕೂತಳು. ನೂರ ನಲವತ್ತು ಟನ್ನು. ಹನ್ನೊಂದು ವರ್ಷ ಅವಳು ಕೂತದ್ದು ಸೀಟುಗಳ ಮೇಲೆ, ಸೀಟು, ಬೆಲ್ಟು, ದೀಪ, ಈಗ ಬೆನ್ನು ಒರಗಿಸಿದರೆ ಬೆನ್ನ ಹಿಂದೆ ಅದು, ಒಂಬತ್ತು ವರ್ಷ ನೆಲ ಮುಟ್ಟದೆ ಇದ್ದದ್ದು, ಹೊರಗೆ ಬಿಟ್ಟ ಅರ್ಧ ದಿನದೊಳಗೆ ಗಾಳಿಗೆ ಮೈ ಕೊಡುತ್ತಿರುವುದು, ಕಟ್ಟಿಹಾಕಿದ್ದಲ್ಲ, ಕಟ್ಟಡವಲ್ಲ, ಇನ್ನೂ ಮೂವತ್ತೊಂದು ಸೀಟು ಬಾಕಿ, ಗುರುತು ಹಾಕಬೇಕು, ಮೂರಕ್ಕೆ ಸಹಿ — ಇಂಜಿನಿಯರು ಮರೆತ ಲೋಟದಲ್ಲಿ ಚಹಾ ಏರುತ್ತದೆ, ಎಡಕ್ಕೆ, ಅವಳು ಉಸಿರು ಹಿಡಿಯುತ್ತಾಳೆ, ಇಳಿಯುತ್ತದೆ, ಗುರುತು ಹಾಕಬೇಕು, ಬೆಲ್ಟು, ಬೆನ್ನು, ಏರುತ್ತದೆ, ನಿಲ್ಲುತ್ತದೆ, ಲೋಟದ ಬಿಳಿ ಗೋಡೆಯ ಮೇಲೆ ಒದ್ದೆಯ ಒಂದು ಗೆರೆ, ಚಹಾ ಇಳಿದ ಮೇಲೂ ಆ ಗೆರೆ, ಮತ್ತೆ ಎಡಕ್ಕೆ.