ನಿಕಾಹ್ ಆಗಿತ್ತು, ಫಾರಂನಲ್ಲಿ ಇರಲಿಲ್ಲ

ತರೀಕೆರೆಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ಹೆಸರು ಬಸವೇಶ್. ಈ ಕಥೆಯಲ್ಲಿ ತಪ್ಪು ಮಾಡಿದವನೂ ನಾನೇ.

ಐದು ವರ್ಷದ ಹಿಂದೆ ಪಕ್ಕದ ಮನೆಯ ಖುರ್ಷಿದ್ ಬೇಗಂ ತಮ್ಮ ಮಗಳು ಅತೀಯಾಳನ್ನು ಕರೆದುಕೊಂಡು ಬಂದರು. ನರ್ಸ್ ಆಗಿದ್ದ ಹುಡುಗಿಗೆ ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಕೆಲಸದ ವೀಸಾಕ್ಕೆ ಅರ್ಜಿ ಹಾಕಬೇಕಿತ್ತು.

"ಮದುವೆ ಆಗಿದ್ಯಾ ಅಂತ ಕೇಳ್ತಾ ಇದೆ," ಎಂದೆ.

ಕಡೂರಿನ ದಾನಿಶ್ ಜೊತೆ ಅವಳ ನಿಕಾಹ್ ಆಗಿ ತಿಂಗಳಾಗಿತ್ತು. ಆದರೆ ಗಂಡನ ಮನೆಗೆ ಕಳಿಸಿಕೊಡುವುದನ್ನು ಮುಂದಕ್ಕೆ ಹಾಕಿದ್ದರು.

"ಇನ್ನೂ ಕಳಿಸ್ಕೊಟ್ಟಿಲ್ವಲ್ಲಪ್ಪಾ, ಇಲ್ಲ ಅಂತ್ಲೇ ಹಾಕು," ಎಂದರು ತಾಯಿ.

"ಹಂಗೆ ಹಾಕಬಹುದಾ ಅಣ್ಣಾ?" ಅತೀಯಾ ಕೇಳಿದಳು.

"ಏನೂ ಆಗಲ್ಲ ಕಣಮ್ಮಾ, ಸುಮ್ನಿರು," ಎಂದೆ. ಹೊರಗೆ ಆರು ಜನ ಕಾಯುತ್ತಿದ್ದರು. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ, 'ಅವಿವಾಹಿತೆ' ಎಂದು ತುಂಬಿಬಿಟ್ಟೆ.

ಅತೀಯಾ ಹೋದಳು. ಮೂರು ವರ್ಷ ಕಳೆದ ಮೇಲೆ ಅಲ್ಲೇ ಕಾಯಂ ನೆಲೆಸಲು ಅರ್ಜಿ ಹಾಕುವ ಅವಕಾಶ ಬಂತು. ಅದು ಸಿಕ್ಕರೆ ದಾನಿಶ್‌ನನ್ನೂ ಕರೆಸಿಕೊಂಡು ಸಂಸಾರ ಹೂಡಬಹುದು. ಇಬ್ಬರೂ ಕಾದದ್ದು ಅದಕ್ಕೇ.

ಕಾಗದಪತ್ರ ಹಿಡಿದು ನಾನೂ ಖುರ್ಷಿದ್ ಬೇಗಂ ಅವರೂ ಕಡೂರಿನ ವಕೀಲೆ ಸಂಗೀತಾ ಬಳಿ ಹೋದೆವು. ನೋಡಿದವರೇ ಹಣೆ ಹಿಡಿದುಕೊಂಡರು.

"ನಿಕಾಹ್ ಆಯ್ತು ಅಂದ್ರೆ ಕಾನೂನಿಗೆ ಮದುವೆ ಆದಂಗೇ ಕಣ್ರೀ. ಹಳೇ ಫಾರಂ ವೀಸಾ ಆಫೀಸಿನವರತ್ರ ಇರುತ್ತೆ. ಹಳೇದು, ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ."

"ಕಾಗದದಲ್ಲಿ ನಿಕಾಹ್ ತಾರೀಕೇ ಮುಂದಕ್ಕೆ ಹಾಕ್ಸಿದ್ರೆ?" ಖುರ್ಷಿದ್ ಬೇಗಂ ಪಟ್ಟು ಬಿಡಲಿಲ್ಲ.

"ಬೇಡಮ್ಮಾ. ಈಗಿರೋದು ತಪ್ಪು, ತಾರೀಕು ತಿದ್ದಿದ್ರೆ ಮೋಸ ಆಗುತ್ತೆ. ಇದ್ದದ್ದು ಇದ್ದಂಗೆ ಬರೆದುಕೊಡೋಣ. ಒಪ್ತಾರೆ ಅಂತ ಮಾತ್ರ ಮಾತು ಕೊಡಕ್ಕಾಗಲ್ಲ."

ಆಕೆ ಕಣ್ಣೊರೆಸಿಕೊಂಡು ಒಪ್ಪಿದರು. ಅತೀಯಾ ನಿಜ ಬರೆದಳು. ಆದರೂ ಮೊದಲ ಫಾರಂನಲ್ಲಿ ಸುಳ್ಳು ಮಾಹಿತಿ ಇತ್ತೆಂದು ಅರ್ಜಿ ತಿರಸ್ಕಾರವಾಯಿತು. ಕೆಲಸದ ವೀಸಾ ಮುಗಿದು ಅವಳು ವಾಪಸ್ ಬಂದಳು. ಮದುವೆ ಆಗಿದೆ ಎಂದು ಮೊದಲೇ ಬರೆದಿದ್ದರೂ ಆ ವೀಸಾಕ್ಕೆ ಅಡ್ಡಿಯಿರಲಿಲ್ಲವಂತೆ. ಸಂಗೀತಾ ಹೇಳಿದ ಮೇಲೇ ನನಗೆ ಇದು ಗೊತ್ತಾದದ್ದು.

ಕಳೆದ ವಾರ ಅತೀಯಾ, ದಾನಿಶ್ ಇಬ್ಬರೂ ಅಂಗಡಿಗೆ ಬಂದರು. ಊರ ಕಡೆಯೇ ಒಂದು ಆಸ್ಪತ್ರೆಯ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ನಾನು ಕಂಪ್ಯೂಟರ್ ಮುಂದೆ ಕೂರಲು ಹೋದೆ.

"ನೀವು ಬಿಡಿ ಅಣ್ಣಾ, ನಾನೇ ತುಂಬ್ತೀನಿ," ಎಂದಳು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹೊರದೇಶಕ್ಕೆ ಹೊರಟ ತಮ್ಮಂದಿರೇ, ತಂಗಿಯರೇ, ಮುಂದೆ ಕಾಯಂ ಆಗುವ ಆಸೆಯಿದ್ದರೆ ಮೊದಲ ಫಾರಂ ತುಂಬುವಾಗಲೇ ಎಚ್ಚರವಾಗಿರಿ. ಮದುವೆ, ಮಕ್ಕಳ ವಿಷಯ ಮುಚ್ಚಿಡಬೇಡಿ. ತಿಳಿಯದ್ದನ್ನು ಬಲ್ಲವರಲ್ಲಿ ಕೇಳಿ. ಒಂದೊಂದು ಸಾಲನ್ನೂ ನೀವೇ ಓದಿ, ಆಮೇಲೆ ಸಹಿ ಹಾಕಿ. ಅವಸರದಲ್ಲಿರುವವನ ಕೈಗೆ ನಿಮ್ಮ ಫಾರಂ ಕೊಡಬೇಡಿ, ಅವನು ನಾನೇ ಆಗಿದ್ದರೂ.