ಒಂದು ಕೋಡ್ ಜಾಸ್ತಿ

ನಮ್ಮ ಅತ್ತೆ ಪೂವಮ್ಮನಿಗೆ ಲೆಕ್ಕ ಬರುವುದಿಲ್ಲವೆಂದು ಮದುವೆಯಾದ ಹೊಸದರಲ್ಲಿ ನಾನು ತಿಳಿದಿದ್ದೆ. ಊಟಕ್ಕೆ ಐದು ಜನ ಇದ್ದರೆ ಆರು ಎಲೆ ಹಾಕುತ್ತಿದ್ದರು. ಆ ಜಾಸ್ತಿ ಎಲೆಗೂ ಅಕ್ಕಿತರಿಯ ಉಂಡೆ ಕಡಂಬುಟ್ಟು, ಕೋಳಿಸಾರು, ಪಕ್ಕದಲ್ಲಿ ಲೋಟದ ತುಂಬ ನೀರು. ಬಡಿಸಿ, "ಬಂದವು ಉಣ್ಣಿ" ಎಂದು, ಯಾರೋ ಬಂದವರನ್ನು ಊಟಕ್ಕೆ ಕರೆದಂತೆ ಮೆಲ್ಲಗೆ ಹೇಳಿ ಪಕ್ಕಕ್ಕೆ ಸರಿಯುತ್ತಿದ್ದರು. ಈ ಮನೆಯಲ್ಲಿ ಮೊದಲಿನಿಂದಲೂ ಹೀಗೆಯೇ ಎಂದು ಗಂಡ ಪ್ರಜ್ಞೇಶ ಹೇಳಿದ. ಯಾರಿಗಾಗಿ ಎಂದರೆ ಅವನಿಗೂ ಗೊತ್ತಿರಲಿಲ್ಲ.

ಒಂದು ಎಲೆ ಊಟ ತಾನೇ, ಹೋಗಲಿ ಎಂದು ಸುಮ್ಮನಿದ್ದೆ. ಕಕ್ಕಬೆಯ ಈ ಮನೆಯನ್ನು ಹೋಂಸ್ಟೇ ಮಾಡಿದ ಮೇಲೂ ಆ ಎಲೆ ತಪ್ಪಲಿಲ್ಲ. ಗೆಸ್ಟ್‌ಗಳು ಅದರ ಫೋಟೋ ತೆಗೆದು ಖುಷಿಪಡುತ್ತಿದ್ದರು. ತಲೆನೋವು ಶುರುವಾದದ್ದು ವೈಫೈಯಿಂದ.

ತಡಿಯಂಡಮೋಳ್ ಹತ್ತಲು ಬರುವವರು ಬೆಟ್ಟಕ್ಕಿಂತ ಹೆಚ್ಚು ಹೊತ್ತು ಫೋನ್ ನೋಡುತ್ತಾರೆ. ನಮ್ಮಲ್ಲಿ ಟವರ್ ಸಿಗ್ನಲ್ ಸಿಗುವುದಿಲ್ಲ, ಇರುವ ಒಂದೇ ಲೈನಿಗೆ ಎಲ್ಲರೂ ಜೋತುಬೀಳಬೇಕು. ಪಾಸ್‌ವರ್ಡ್ ಒಬ್ಬರಿಗೆ ಕೊಟ್ಟರೆ ಸಂಜೆಯೊಳಗೆ ಅವರ ಡ್ರೈವರಿಗೆ, ಡ್ರೈವರಿನಿಂದ ಊರಿಗೆ. ಕೊನೆಗೆ ನಾನೇ ಕೂತು ಬೇರೆ ವ್ಯವಸ್ಥೆ ಮಾಡಿದೆ. ತಲೆಗೊಂದು ಕೋಡ್. ಒಂದು ಕೋಡಿಗೆ ಒಂದೇ ಫೋನ್. ರೂಮ್ ಖಾಲಿ ಮಾಡಿದೊಡನೆ ಆ ಕೋಡ್ ಕ್ಯಾನ್ಸಲ್. ಮನೆಯವರಿಗೂ ವಿನಾಯಿತಿ ಇಲ್ಲ, ನನಗೊಂದು, ಪ್ರಜ್ಞೇಶನಿಗೊಂದು ಖಾಯಂ ಕೋಡ್. ಗೆಸ್ಟ್‌ಗಳ ಕೋಡ್‌ಗಳನ್ನು ಚೀಟಿಯಲ್ಲಿ ಬರೆದು ಮಧ್ಯಾಹ್ನದ ಊಟಕ್ಕೆ ಅವರವರ ಎಲೆಯ ಪಕ್ಕ ಇಡುತ್ತಿದ್ದೆ.

ಮೊದಲ ದಿನವೇ ಅತ್ತೆ ಆ ಜಾಸ್ತಿ ಎಲೆಯ ಪಕ್ಕ ಬೆರಳು ತೋರಿಸಿದರು.

"ಇಲ್ಲಿಗೂ ಒಂದು ಇಡೊಕು."

ನಾನು ನಕ್ಕೆ, ಅವರು ನಗಲಿಲ್ಲ. ಬಂದವರಿಗೆ ಕೊಟ್ಟದ್ದನ್ನೆಲ್ಲ ಅಲ್ಲಿಗೂ ಕೊಡಬೇಕೆಂದರು. ವಾದ ಮಾಡಲು ಪುರುಸೊತ್ತಿಲ್ಲದೆ ಒಂದು ಕೋಡ್ ಜಾಸ್ತಿ ಮಾಡಿ ಚೀಟಿ ಇಟ್ಟೆ. ಊಟವಾದ ಮೇಲೆ ಅತ್ತೆ ಎಲೆಯನ್ನು ನಾಯಿಗೆ ಹಾಕಿ ಚೀಟಿಯನ್ನು ಒಲೆಗೆ ಹಾಕಿದರು.

ಆದರೆ ಆ ಕೋಡಿನಲ್ಲಿ ಯಾವುದೋ ಫೋನ್ ಕನೆಕ್ಟ್ ಆಗಿತ್ತು. ಆ್ಯಪ್ ತೆರೆದರೆ ಉಳಿದವಕ್ಕೆಲ್ಲ ಹೆಸರು, ಇದಕ್ಕೆ ಮಾತ್ರ ಇಲ್ಲ. ಯಾರೋ ಗೆಸ್ಟ್ ಚೀಟಿ ನೋಡಿ ಎರಡನೇ ಫೋನಿಗೆ ಹಾಕಿಕೊಂಡಿರಬೇಕು ಎಂದುಕೊಂಡೆ. ಅವರು ಹೋದರು, ಬೇರೆಯವರು ಬಂದರು, ಹೆಸರಿಲ್ಲದ ಫೋನ್ ಹೊಸ ಕೋಡಿನಲ್ಲೂ ಬಂತು. ಬರಬರುತ್ತಾ ಅದರ ಹಾವಳಿ ಹೆಚ್ಚಾಯಿತು. ಹಗಲಿಡೀ ವಿಡಿಯೋ ಮೇಲೆ ವಿಡಿಯೋ. ಡಿಸೆಂಬರ್ ಹೊತ್ತಿಗೆ ಬೇರೆ ಯಾರಿಗೂ ನೆಟ್ ಸಿಗದಷ್ಟು.

ಪಿಕ್ಕಿಂಗ್ ಶುರುವಾಗಿತ್ತು, ಕಣದ ತುಂಬ ಕಾಫಿ ಹರಡಿತ್ತು, ಮನೆ ತುಂಬ ಗೆಸ್ಟ್. ಬೆಳಿಗ್ಗೆಯಿಂದ ಎಲ್ಲರದ್ದೂ ಒಂದೇ ದೂರು. ನನ್ನ ಮಗಳು ಚಿಕ್ಕಿಗೆ ಜಡೆ ಹಾಕುವಾಗ ಕಾರ್ಟೂನ್ ಬೇಕು. ಅಂದು ಕಾರ್ಟೂನ್ ನಿಂತು ನಿಂತು ಬಂದು ಅವಳು ಅರ್ಧ ಜಡೆಯಲ್ಲೇ ಎದ್ದು ಓಡಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ನಡೆಸುತ್ತಿರುವುದು ಹೋಂಸ್ಟೇ, ಧರ್ಮಛತ್ರವಲ್ಲ, ಇನ್ನು ಮೇಲೆ ಜಾಸ್ತಿ ಕೋಡ್ ಇಲ್ಲ ಎಂದು ಅಡುಗೆಮನೆಗೇ ಹೋಗಿ ಹೇಳಿದೆ. ಬೇಕಿದ್ದರೆ ಅನ್ನ ಹಾಕಿಕೊಳ್ಳಿ ಎಂದೂ ಸೇರಿಸಿದೆ.

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ಅವ್ಕೆ ಜಾಗ ಕೊಡದಿದ್ರೆ ಯಾರ್ದಾರ್ ಜಾಗಲಿ ಬಂದ್ ಕೂತವೆ, ಶ್ವೇತ."

ನಾನು ಕೇಳಲಿಲ್ಲ. ಹೆಸರಿಲ್ಲದ ಫೋನಿನ ಕೋಡ್ ಅಳಿಸಿದೆ. ಮಧ್ಯಾಹ್ನ ಆ ಎಲೆಯ ಪಕ್ಕ ಚೀಟಿ ಇಡಲಿಲ್ಲ. ನೆಟ್ ಸರಾಗವಾಗಿ ಓಡಿತು, ಗೆಸ್ಟ್‌ಗಳೆಲ್ಲ ಖುಷಿಯಾದರು, ನನಗೂ ಸಮಾಧಾನವಾಯಿತು.

ಎಲೆ ಎತ್ತುವ ಮೊದಲೇ ನನ್ನ ಫೋನಿನಲ್ಲಿ ವೈಫೈ ಹೋಯಿತು. ಈ ಕೋಡ್ ಬೇರೆ ಫೋನಿನಲ್ಲಿ ಬಳಕೆಯಲ್ಲಿದೆ ಎಂದು ಬಂತು. ಪ್ರಜ್ಞೇಶನ ಫೋನ್ ಮೇಜಿನ ಮೇಲಿತ್ತು, ಅದರಲ್ಲಿ ಆ್ಯಪ್ ತೆರೆದೆ. ನನ್ನ ಕೋಡಿನ ಎದುರು ಒಂದು ಫೋನಿತ್ತು, ಅದರ ಹೆಸರು ಶ್ವೇತ. ನನ್ನ ಫೋನ್ ನನ್ನ ಕೈಯಲ್ಲೇ ಇತ್ತು.

ಪ್ರಜ್ಞೇಶ ಒಳಗೆ ಬಂದ. ನೋಡು ಇಲ್ಲಿ ಎಂದೆ. ಅವನು ನನ್ನ ಪಕ್ಕದಿಂದಲೇ ಕೈಚಾಚಿ ತನ್ನ ಫೋನ್ ತೆಗೆದುಕೊಂಡು, "ಶ್ವೇತ, ಕಾಫಿ ಆಯ್ತಾ?" ಎಂದು ಅಡುಗೆಮನೆಯ ಕಡೆ ಕೂಗಿದ.

"ಆಯ್ತು, ತರ್ತಾ ಇದ್ದೇನೆ," ಎಂದು ಒಳಗಿನಿಂದ ಒಬ್ಬ ಹೆಂಗಸು ಹೇಳಿದಳು.

ಅವಳು ತಟ್ಟೆಯಲ್ಲಿ ಕಾಫಿ ಹಿಡಿದು ಬಿಸಿಲು ಬಿದ್ದ ಜಗಲಿಗೆ ಬಂದಳು. ತೊಟ್ಟದ್ದು ನನ್ನ ನೀಲಿ ಚೂಡಿದಾರ. ಮುಖ ನನ್ನದಲ್ಲ, ನನ್ನದರ ಹತ್ತಿರದ್ದೂ ಅಲ್ಲ. ಯಾರೂ ಬೆಚ್ಚಲಿಲ್ಲ. ಬೆಳಿಗ್ಗೆ ನನ್ನ ಹತ್ತಿರ ದೂರು ಹೇಳಿದ ಗೆಸ್ಟ್ ಒಬ್ಬಳು ಅವಳಿಗೆ ಥ್ಯಾಂಕ್ಸ್ ಹೇಳಿದಳು. ನಾನು ಕಿರುಚಿದೆ, ಪ್ರಜ್ಞೇಶನ ತೋಳು ಹಿಡಿದು ಎಳೆದೆ. ಅವನು ತೋಳು ಕೆರೆದುಕೊಂಡ. ಚಿಕ್ಕಿ ಅಂಗಳದಿಂದ ಓಡಿ ಬಂದವಳು "ಅವ್ವ" ಎನ್ನುತ್ತಾ, ಕಾಫಿ ಕೊಟ್ಟು ಕೂತಿದ್ದ ಆ ಹೆಂಗಸಿನ ಮಡಿಲೇರಿದಳು. ನಾನು ಬಿಟ್ಟಿದ್ದ ಅರ್ಧ ಜಡೆಯನ್ನು ಅವಳು ಪೂರ್ತಿ ಹೆಣೆದಳು. ಅದನ್ನು ನೋಡಿ ಬಂದ ಸಿಟ್ಟು ಇನ್ನೂ ಆರಿಲ್ಲ.

ಮರುದಿನ ಮಧ್ಯಾಹ್ನ ಎಲ್ಲರಿಗೂ ಎಲೆ ಬಿತ್ತು. ನನಗೆ ಕೂರಲು ಒಂದೇ ಜಾಗ ಉಳಿದಿತ್ತು. ಅತ್ತೆ ಬಂದು ಬಡಿಸಿದರು. ಕಣ್ಣು ನನ್ನ ಮೇಲೆ ಹಾದು ಗೋಡೆಗೆ ಹೋಯಿತು.

"ಬಂದವು ಉಣ್ಣಿ," ಎಂದರು.

ಅವಳು ಹಿಂದೆಯೇ ಬಂದು ಚೀಟಿ ಇಟ್ಟಳು. ಅವಳೊಬ್ಬಳೇ ನನ್ನನ್ನು ನೇರವಾಗಿ ನೋಡಿದಳು.

ಆ ಕೋಡ್ ಹಾಕಿದರೆ ನನ್ನ ಫೋನಿಗೆ ನೆಟ್ ಬರುತ್ತದೆ. ಕರೆ ಹೋಗುವುದಿಲ್ಲ, ಮೆಸೇಜ್ ಯಾರಿಗೂ ಮುಟ್ಟುವುದಿಲ್ಲ. ವಿಡಿಯೋ ಮಾತ್ರ ಎಷ್ಟು ಬೇಕಾದರೂ ಬರುತ್ತದೆ. ಹೆಸರಿಲ್ಲದ ಆ ಫೋನ್ ಹಗಲಿಡೀ ಯಾಕೆ ವಿಡಿಯೋ ಹಾಕುತ್ತಿತ್ತೆಂದು ನನಗೆ ಆಗ ಅರ್ಥವಾಯಿತು.

ಅವಳಿಗೆ ನನಗಿಂತ ತಾಳ್ಮೆ ಹೆಚ್ಚು. ಒಂದು ದಿನವೂ ಚೀಟಿ ಮರೆತಿಲ್ಲ. ಮರೆತರೆ ಏನಾಗುತ್ತದೆಂದು ಇಲ್ಲಿ ಕೂತಿದ್ದವಳಿಗೆ ಗೊತ್ತಿರದೆ ಇರುತ್ತದೆಯೇ? ಆದರೆ ಇವತ್ತು ಗೆಸ್ಟ್‌ಗಳೆಲ್ಲ ನೆಟ್ ಇಲ್ಲವೆಂದು ಅವಳ ಜೀವ ತಿಂದರು. ಚಿಕ್ಕಿಯ ಕಾರ್ಟೂನ್ ನಿಂತಿತು. ಅವಳು ಕೈಯಲ್ಲಿದ್ದ ಬಾಚಣಿಗೆಯನ್ನು ನೆಲಕ್ಕೆ ಕುಕ್ಕಿದಳು. ನಾನು ಇನ್ನೊಂದು ವಿಡಿಯೋ ಹಾಕಿದೆ.