ಯಾಮ್ನಾ ಕೈಗವಸು ಕಳಚಿದ ದಿನ

ಸೆಫ್ರೂ ಊರಿನ ಹಮ್ಮಾಮು ಎಂಬ ಸಾರ್ವಜನಿಕ ಬಿಸಿನೀರ ಸ್ನಾನಗೃಹದಲ್ಲಿ ಮೈ ಉಜ್ಜುವ ಹೆಂಗಸರು ನಾಲ್ವರಿದ್ದರು. ಆದರೆ ಬಂದವರೆಲ್ಲ ಸರದಿ ಕಾಯುತ್ತಿದ್ದುದು ಯಾಮ್ನಾಳಿಗಾಗಿ. ಕರಿ ಸಾಬೂನು ಹಚ್ಚಿ, ಒರಟು ಕೈಗವಸು ತೊಟ್ಟು ಅವಳು ಬೆನ್ನಿನ ಮೇಲೆ ಕೈಯಿಟ್ಟಳೆಂದರೆ ಕೊಳೆ ಶಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಕಳಚಬೇಕು. ಸುರುಳಿ ಬರದಿದ್ದರೆ ಅದೂ ಒಂದು ಸ್ನಾನವೇ? ಮಳೆಯಲ್ಲಿ ನಿಂತ ಕತ್ತೆಯೂ ಅಷ್ಟು ನೆನೆಯುತ್ತದೆ ಎನ್ನುತ್ತಿದ್ದಳು. ಅವಳ ಕೈಗೆ ಸಿಕ್ಕವರು ಕೆಂಪಗಾಗಿ ಹೊರಗೆ ಬಂದು ಎರಡು ದಿನ ಅದನ್ನೇ ಹೊಗಳುತ್ತಿದ್ದರು.

ಇಂಥವಳಿಗೆ ಒಬ್ಬಳೇ ಮಗಳು, ಸುಕೈನಾ. ಅವಳ ಮೈ ಮಾತ್ರ ಮಹಾ ಹಟಮಾರಿ. ಚಳಿ ಬಂತೆಂದರೆ ಮೊಣಕಾಲ ಕೆಳಗೆ ಬಿಳಿ ಹೊಟ್ಟು ಏಳುತ್ತಿತ್ತು, ಬೆರಳ ತುದಿ ಸೀಳುತ್ತಿತ್ತು. ಜಲಾಬಾ ನಿಲುವಂಗಿಗಳಿಗೆ ರೇಷ್ಮೆ ಗುಂಡಿ ಕಟ್ಟುವುದು ಅವಳ ಕಸುಬು. ಒಡೆದ ಬೆರಳಿಗೆ ಎಳೆ ಸಿಕ್ಕಿ ಹರಿದು ಅರ್ಧ ದಿನದ ಕೆಲಸ ಹಾಳಾಗುತ್ತಿತ್ತು. ಯಾಮ್ನಾಳಿಗೆ ಇದೊಂದು ದೊಡ್ಡ ಅವಮಾನ. ಊರಿಗೆಲ್ಲ ಮೈ ಉಜ್ಜುವವಳ ಮಗಳ ಕಾಲಿನಲ್ಲಿ ಕೊಳೆಯೇ? ಒಂಬತ್ತನೇ ವಯಸ್ಸಿನಿಂದ ಪ್ರತಿ ಗುರುವಾರ ಮಗಳನ್ನು ಎಲ್ಲರಿಗಿಂತ ಹೆಚ್ಚು ಹೊತ್ತು, ಎಲ್ಲರಿಗಿಂತ ಬಿಗಿಯಾಗಿ ಉಜ್ಜಿದಳು. ಉಜ್ಜಿದಷ್ಟೂ ಹೊಟ್ಟು ಬಂತು. ಬಂದಷ್ಟೂ ಉಜ್ಜಿದಳು.

ಈಗ ಸುಕೈನಾಳ ಮದುವೆ. ಬುಧವಾರ ಹಮ್ಮಾಮಿನಲ್ಲಿ ಮದುಮಗಳ ಸ್ನಾನ, ಗಂಡಿನ ಕಡೆಯ ಹೆಂಗಸರೆಲ್ಲ ಮೇಣದಬತ್ತಿ ಹಿಡಿದು ಜೊತೆಗೆ ಬರುವವರು. ಸೋಮವಾರ ಬೆಳಿಗ್ಗೆ ಚಹಾ ಬಗ್ಗಿಸುತ್ತಿದ್ದಾಗ ಮಗಳು ತಣ್ಣಗೆ ಮಾತು ತೆಗೆದಳು.

“ಯಮ್ಮಾ, ನನ್ನ ಬೇರೆ ಯಾರಾದ್ರೂ ಉಜ್ಜಲಿ. ನೀನು ಬೇಡ.”

“ಏನಂದೆ?”

“ನೀನೇ ಉಜ್ಜೋದಾದ್ರೆ ನಾನು ಹಮ್ಮಾಮಿಗೇ ಬರಲ್ಲ.”

“ಊರೋರಿಗೆಲ್ಲ ನನ್ನ ಕೈಯೇ ಬೇಕು, ಹೊಟ್ಟೇಲಿ ಹುಟ್ಟಿದ ನಿನಗೆ ಬೇಡ್ವಾ? ಬೀಗಿತ್ತಿ ಮುಂದೆ ಮುಖ ಎಲ್ಲಿಟ್ಕೊಳ್ಲಿ ನಾನು?”

ಸುಕೈನಾ ಬಟ್ಟೆ ಎತ್ತಿ ಕಾಲು ಚಾಚಿದಳು. ಮೀನಖಂಡದ ತುಂಬ ಬಿರುಕು, ಬಿರುಕಿನಲ್ಲಿ ಒಣಗಿದ ರಕ್ತ.

“ಇದು ಮೊನ್ನೆ ಗುರುವಾರದ್ದು. ನೀನು ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡು ಆರು ವಾರ ಮನೇಲಿದ್ಯಲ್ಲ, ಆಗ ನನ್ನ ಯಾರೂ ಉಜ್ಜಲಿಲ್ಲ. ಉಗುರುಬೆಚ್ಚಗಿನ ನೀರು ಹುಯ್ಕೊಂಡು, ಮೈ ಇನ್ನೂ ಹಸಿ ಇದ್ದಾಗ್ಲೇ ಆಲಿವ್ ಎಣ್ಣೆ ಸವರ್ಕೋತಿದ್ದೆ, ಅಷ್ಟೇ. ಅಂಥಾ ಚಳೀಲೂ ಕಾಲು ನುಣ್ಣಗಿತ್ತು. ಒಂದು ಎಳೆ ಹರೀಲಿಲ್ಲ. ನಿನ್ನ ಕೈ ವಾಸಿಯಾಯ್ತು, ನನ್ನ ಕಾಲು ಮತ್ತೆ ಹೀಗಾಯ್ತು.”

“ಬಾಯಿ ಬಿಟ್ಟು ಹೇಳೋಕೇನಾಗಿತ್ತು?”

“ಚಿಕ್ಕೋಳಿದ್ದಾಗ ಹೇಳ್ತಿದ್ದೆ. ಉರಿಯುತ್ತೆ ಅಂದ್ರೆ, ಕೊಳೆ ಹೋಗ್ವಾಗ ಉರೀದೆ ಇರುತ್ತಾ ಅಂತಿದ್ದೆ ನೀನು. ಆಮೇಲೆ ಹೇಳೋದು ಬಿಟ್ಟೆ.”

ಹೌದು, ಹಾಗೆಯೇ ಅನ್ನುತ್ತಿದ್ದಳು. ಯಾಮ್ನಾ ಲೋಟ ಕೆಳಗಿಟ್ಟಳು. ಹದಿನೈದು ವರ್ಷ ಕೊಳೆಯೆಂದು ಕೆರೆದು ತೆಗೆದದ್ದು ಮಗಳ ಚರ್ಮವನ್ನೇ. ಸಿಟ್ಟು ತೀರಿಸಿಕೊಳ್ಳೋಣವೆಂದರೆ ತನ್ನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲ.

“ಬುಧವಾರ ಬಾ,” ಎಂದಳು ಕೊನೆಗೆ. “ಉಜ್ಜಲ್ಲ.”

“ಅಷ್ಟು ಜನ ನೋಡ್ತಿರ್ತಾರೆ. ನಿನ್ನ ಕೈ ಸುಮ್ಮನಿರುತ್ತಾ?”

ಯಾಮ್ನಾ ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡು ಲೋಟ ತೊಳೆಯಲು ಎದ್ದಳು.

ಬುಧವಾರ ಹಾಡು ಹೇಳುತ್ತ ಎಲ್ಲರೂ ಬಂದರು. ಬಿಸಿ ಕೋಣೆಯ ನಡುವೆ ಬೀಗಿತ್ತಿ ಲಲ್ಲಾ ಬತೂಲ್ ಭಾರದ ಮೈ ಹೊತ್ತು ಕುಳಿತಳು, ಸುತ್ತ ಅವಳ ಕಡೆಯ ಹೆಂಗಸರು. ಹೆಸರಾಂತ ಕೈಚಳಕವನ್ನು ನೋಡಲೆಂದೇ ಬಂದವರು. ಯಾಮ್ನಾ ಆಲಿವ್ ಎಣ್ಣೆಯ ಸೀಸೆ ಪಕ್ಕದಲ್ಲಿಟ್ಟುಕೊಂಡು ಮಗಳ ಮೈಗೆ ಸಾಬೂನು ಸವರಿದಳು, ನೀರು ಹುಯ್ದಳು. ಅಷ್ಟರಲ್ಲಿ ಅವಳಿಗೇ ಗೊತ್ತಿಲ್ಲದಂತೆ ಬಲಗೈ ಗವಸಿನೊಳಗೆ ಹೋಗಿತ್ತು. ಸುಕೈನಾ ನೋಡಿದಳು. ಕಾಲುಗಳನ್ನು ಎದೆಗೆ ಎಳೆದುಕೊಂಡಳು. ಒಂಬತ್ತು ವರ್ಷದವಳಿದ್ದಾಗಲೂ ಹೀಗೆಯೇ ಎಳೆದುಕೊಳ್ಳುತ್ತಿದ್ದಳು, ಅದನ್ನು ಯಾಮ್ನಾ ಮೊಂಡತನವೆಂದುಕೊಂಡಿದ್ದಳು. ಅವಳು ಗವಸು ಕಳಚಿ ಬದಿಗಿಟ್ಟು ಬರಿ ಅಂಗೈಯಿಂದ ಸಾಬೂನು ತೊಳೆಯತೊಡಗಿದಳು.

ವರನ ಚಿಕ್ಕಮ್ಮ ಮೂಗು ಮುರಿದಳು. “ಏನಮ್ಮಾ ಯಾಮ್ನಾ, ನಮ್ಮ ಚರ್ಮ ಸುಲೀತೀಯ, ಮಗಳಿಗೆ ಮಾತ್ರ ಮುದ್ದಾ? ಒಂದು ಸುರುಳೀನೂ ಕಾಣ್ಲಿಲ್ಲ. ಕೊಳೆ ಸಮೇತ ಕಳಿಸ್ತೀಯೇನು ನಮ್ಮನೆಗೆ?”

ಹೆಂಗಸರು ನಕ್ಕರು. ನಿಜ ಹೇಳಿದರೆ ಯಾಮ್ನಾಳಿಗಾಗಿ ಕಾಯುವ ಸರದಿಯೆಲ್ಲ ಬೇರೆಯವರ ಪಾಲಾದೀತು. ಹೇಳದಿದ್ದರೆ ಮಗಳು ಕೊಳಕಿಯೆನಿಸಿಕೊಂಡು ಗಂಡನ ಮನೆ ಸೇರಬೇಕು.

“ಇವಳ ಮೈಯಲ್ಲಿ ಕೊಳೆ ಇಲ್ಲ,” ಎಂದಳು. “ಯಾವತ್ತೂ ಇರಲಿಲ್ಲ. ಇವಳದು ಒಣ ಚರ್ಮ. ಅದನ್ನ ಕೊಳೆ ಅನ್ಕೊಂಡು ಹದಿನೈದು ವರ್ಷ ಕೆರೆದು ಗಾಯ ಮಾಡಿದೋಳು ನಾನು. ತಪ್ಪು ನಂದು. ಯಾರಿಗೆ ಬೇಕಾದ್ರೂ ಹೇಳ್ಕೊಳ್ಳಿ.”

ಲಲ್ಲಾ ಬತೂಲ್ ಕೆಮ್ಮಿ ಯಾಮ್ನಾಳತ್ತ ತಿರುಗಿದಳು.

“ನಿನ್ನ ಕೈಯಿಂದ ಉಜ್ಜಿಸ್ಕೊಂಡ್ರೆ ನನಗೂ ಎರಡು ದಿನ ತುರಿಕೆ ಕಣೇ. ಅಷ್ಟು ದೊಡ್ಡ ಹೆಸರು ನಿಂದು, ನನ್ನ ಮೈಯೇ ಸರಿಯಿಲ್ಲ ಅನ್ಕೊಂಡು ಬಾಯಿ ಮುಚ್ಕೊಂಡಿದ್ದೆ. ಅದೇನೋ ಎಣ್ಣೆ ಇಟ್ಕೊಂಡಿದ್ದೀಯಲ್ಲ, ಆಮೇಲೆ ನನಗೂ ಸ್ವಲ್ಪ ಹಚ್ಚು.”

ಯಾಮ್ನಾಳ ಕಣ್ಣು ತುಂಬಿತು. ಅಂಗೈಗೆ ಎಣ್ಣೆ ಸುರಿದುಕೊಂಡು, ಮಗಳ ಒದ್ದೆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿರುಕಿನ ಮೇಲೆ ಹಗುರವಾಗಿ ಸವರಿದಳು.

“ಉರೀತಾ?”

ಇಷ್ಟು ವರ್ಷಗಳಲ್ಲಿ ಅವಳು ಆ ಮಾತನ್ನು ಯಾರನ್ನೂ ಕೇಳಿರಲಿಲ್ಲ.

“ಇಲ್ಲ ಯಮ್ಮಾ,” ಎಂದು ಸುಕೈನಾ ಇನ್ನೊಂದು ಕಾಲನ್ನೂ ತಾನಾಗಿಯೇ ಅಮ್ಮನ ಕಡೆ ಚಾಚಿದಳು.